ಹೆಸರು ಅದೇ, ಅಳತೆ ಬೇರೆ

ಕಳೆದ ವರ್ಷ ಕೊನೆಕೊಯ್ಲು ಮುಗಿದು ಅಡಿಕೆ ಪೇಟೆಗೆ ಬರುತ್ತಿದ್ದ ದಿನಗಳು. ಶಿರಸಿ ತಾಲೂಕಿನ ಒಂದು ಸಹಕಾರಿ ಸಂಘದ ತೂಕದ ಕೌಂಟರಿನಿಂದ ಬೆಳಿಗ್ಗೆ ಹತ್ತೂವರೆಗೆ ಫೋನು ಬಂತು. ಅಲ್ಲಿನ ಹಿರಿಯ ಗುಮಾಸ್ತರು ಸುಮ್ಮಸುಮ್ಮನೆ ಫೋನು ಮಾಡುವವರಲ್ಲ.

"ತಮಾ, ರಶೀದಿ ತಾರೀಖು ನೋಡು. ಎಪ್ಪತ್ತನೇ ಇಸ್ವಿ ಹೇಳಿ ಬಂಜು."

ಹಿಂದೆಯೇ ವಾಟ್ಸಾಪಿನಲ್ಲಿ ಫೋಟೋ ಬಂತು. ಸದಸ್ಯರ ಸಂಖ್ಯೆ ಸರಿ, ತೂಕ ಸರಿ, ಮೊತ್ತ ಪೈಸೆ ಸಮೇತ ಸರಿ. ತಾರೀಖಿನ ಜಾಗದಲ್ಲಿ ಮಾತ್ರ 01-01-1970. ಅಷ್ಟರಲ್ಲಿ ಹದಿನೇಳು ರಶೀದಿ ಬೆಳೆಗಾರರ ಕೈ ಸೇರಿಯಾಗಿತ್ತು. ಹಿಂದಿನ ರಾತ್ರಿ ನಾನು ಸಂಘದ ಪ್ರೋಗ್ರಾಮಿನ ಒಂದು ಬಗ್ (ದೋಷ) ಸರಿಪಡಿಸಿ ಹೊಸ ಆವೃತ್ತಿ ಹಾಕಿ ಬಂದಿದ್ದೆ. ಸರಿಪಡಿಸಿದ್ದು ಮೊತ್ತವನ್ನು, ತಾರೀಖನ್ನು ಮುಟ್ಟಿಯೇ ಇರಲಿಲ್ಲ.

ಮುಟ್ಟದ್ದು ಯಾಕೆ ಕೆಟ್ಟಿತು ಎಂಬುದು ಅರ್ಥವಾದರೆ, ಸಾಫ್ಟ್‌ವೇರ್ ಜಗತ್ತಿನ ಒಂದು ಹಳೇ ಜಗಳ ಅರ್ಥವಾಗುತ್ತದೆ: ತಪ್ಪನ್ನು ತಿದ್ದಬೇಕೋ, ಇಲ್ಲ ಆ ತಪ್ಪಿನ ಸುತ್ತಲೇ ಕಟ್ಟಿಕೊಂಡ ಹಳೆಯ ಪ್ರೋಗ್ರಾಂಗಳನ್ನು ಉಳಿಸಬೇಕೋ. ಇದಕ್ಕೆ ಬೈನರಿ ಹೊಂದಾಣಿಕೆಯ ಪ್ರಶ್ನೆ ಎನ್ನುತ್ತಾರೆ.

ಮೊದಲು ಆ ಬಗ್ ಏನು ಎಂದು ಹೇಳುತ್ತೇನೆ. ಸಂಘದ ಲೆಕ್ಕದ ಲೈಬ್ರರಿಯಲ್ಲಿ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ, ಕಂಪೈಲ್ ಆಗಿ, ಅಂದರೆ ಯಂತ್ರದ ಭಾಷೆಗೆ ಬದಲಾಗಿ ತಯಾರಿರುವ ಫೈಲು) ಪ್ರತಿ ವಹಿವಾಟಿಗೂ ಒಂದು ದಾಖಲೆ. ಅದರಲ್ಲಿ ನಾಲ್ಕು ಖಾನೆ: ಸದಸ್ಯರ ಸಂಖ್ಯೆ, ಗ್ರಾಂ ಲೆಕ್ಕದಲ್ಲಿ ತೂಕ, ಪೈಸೆ ಲೆಕ್ಕದಲ್ಲಿ ಮೊತ್ತ, ತಾರೀಖು. ಒಂದೊಂದಕ್ಕೂ ನಾಲ್ಕು ಬೈಟ್ (ಬೈಟ್ ಎಂದರೆ ಮೆಮೊರಿಯ ಒಂದು ಅಳತೆ), ಒಟ್ಟು 16. ಋಣಸಂಖ್ಯೆಗಳಿಗೂ ಜಾಗ ಬಿಟ್ಟರೆ ನಾಲ್ಕು ಬೈಟಿನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ಪೈಸೆಯನ್ನು ರೂಪಾಯಿ ಮಾಡಿದರೆ 2 ಕೋಟಿ 14 ಲಕ್ಷದ 74 ಸಾವಿರದ 836 ರೂಪಾಯಿ 47 ಪೈಸೆ. ಒಬ್ಬ ಬೆಳೆಗಾರನ ರಶೀದಿಗೆ ಇದು ಧಾರಾಳ. ಆದರೆ ದಿನದ ಒಟ್ಟು ಮೊತ್ತವೂ ಇದೇ ರೀತಿಯ ದಾಖಲೆಯಲ್ಲೇ ಕೂರುತ್ತಿತ್ತು. ಅಡಿಕೆ ಕ್ವಿಂಟಲಿಗೆ 15,000 ರೂಪಾಯಿ ಇದ್ದಾಗ ಈ ಮಿತಿ ದಾಟಲು ಒಂದೇ ದಿನ 1,432 ಕ್ವಿಂಟಲ್ ಬರಬೇಕಿತ್ತು. ದರ 45,000 ಆದಾಗ 478 ಕ್ವಿಂಟಲ್ ಸಾಕು. ಕೋಡಿನ ಒಂದು ಅಕ್ಷರವೂ ಬದಲಾಗದೆ, ಬರೀ ಪೇಟೆ ದರ ಏರಿದ್ದರಿಂದ ಒಂದು ಬಗ್ ಹುಟ್ಟಿಕೊಂಡಿತು. ಮಿತಿ ದಾಟಿದ ಸಂಖ್ಯೆ ಮಗುಚಿ ಋಣಸಂಖ್ಯೆಯಾಗುತ್ತದೆ: ದಿನದ ವಹಿವಾಟು 2 ಕೋಟಿ 20 ಲಕ್ಷ ಆದ ಸಂಜೆ, ಪಟ್ಟಿಯ ಕೊನೆಯಲ್ಲಿ ಮೈನಸ್ 2,09,49,672.96 ಎಂದು ಬರುತ್ತದೆ.

ಪರಿಹಾರ ಕಣ್ಣೆದುರಿಗೇ ಇತ್ತು. ಮೊತ್ತದ ಖಾನೆಯನ್ನು ನಾಲ್ಕರ ಬದಲು ಎಂಟು ಬೈಟ್ ಮಾಡುವುದು. ಒಂದು ಸಾಲಿನ ತಿದ್ದುಪಡಿ. ಮಾಡಿದೆ, ಲೈಬ್ರರಿ ಕಂಪೈಲ್ ಮಾಡಿದೆ, ಅದನ್ನು ಬಳಸುವ ನನ್ನ ಎರಡು ಪ್ರೋಗ್ರಾಂಗಳನ್ನೂ ಮತ್ತೆ ಕಂಪೈಲ್ ಮಾಡಿದೆ. ಉಳಿದದ್ದು ರಶೀದಿಯನ್ನೂ ಸಂಜೆಯ ಪಟ್ಟಿಯನ್ನೂ ಮುದ್ರಿಸುವ ಪ್ರೋಗ್ರಾಂ. ಅದನ್ನು ಬಹಳ ಹಿಂದೆ ಬೇರೆಯವರು ಮಾಡಿಕೊಟ್ಟಿದ್ದರು, ಅವರು ಈಗ ಆ ಕೆಲಸದಲ್ಲೇ ಇಲ್ಲ, ಮೂಲ ಕೋಡು (ಮನುಷ್ಯರು ಓದಿ ತಿದ್ದಬಲ್ಲ ರೂಪ) ಯಾರ ಹತ್ತಿರವೂ ಇಲ್ಲ. ಇರುವುದು ಕಂಪೈಲ್ ಆದ ಫೈಲು ಒಂದೇ. ಹೇಗೂ ಖಾನೆಗಳ ಹೆಸರು ಬದಲಾಗಿಲ್ಲ, ಅದಕ್ಕೇನೂ ಆಗದು ಎಂದುಕೊಂಡೆ.

ಇಲ್ಲಿಯೇ ವಿಷಯದ ಬೇರು ಇರುವುದು.

ನಮ್ಮ ಕಡೆ ಮನೆಗಳಲ್ಲಿ ಕವಳದ ಬಟ್ಟಲು ಇರುತ್ತದಲ್ಲ, ಅದನ್ನು ನೆನೆಸಿಕೊಳ್ಳಿ. ಎಲೆ, ಅಡಿಕೆ, ಸುಣ್ಣ, ತಂಬಾಕು, ಹೀಗೆ ಖಾನೆಗಳು. ಹೊಸಬರು ಕಣ್ಣಿಟ್ಟು ನೋಡಿ ಯಾವುದರಲ್ಲಿ ಏನಿದೆ ಎಂದು ತಿಳಿದು ಕೈ ಹಾಕುತ್ತಾರೆ. ಮನೆಯ ಅಜ್ಜ ಜಗುಲಿಯ ಕತ್ತಲಲ್ಲೂ ನೋಡದೆ ಕೈ ಹಾಕುತ್ತಾರೆ. ಅವರ ಬೆರಳಿಗೆ ಅಂಚಿನಿಂದ ಎಷ್ಟು ದೂರಕ್ಕೆ ಸುಣ್ಣ ಎನ್ನುವುದು ಗೊತ್ತು. ಮೂಲ ಕೋಡು ಕಣ್ಣಿಟ್ಟು ನೋಡುವವರ ಹಾಗೆ. ಅಲ್ಲಿ 'ತಾರೀಖು' ಎಂದು ಹೆಸರಿನಿಂದಲೇ ಬರೆದಿರುತ್ತದೆ. ಕಂಪೈಲರ್ ಆ ಹೆಸರನ್ನು ಅಳಿಸಿ ಹಾಕಿ, 'ದಾಖಲೆಯ ಆರಂಭದಿಂದ 12 ಬೈಟ್ ದಾಟಿ ನಾಲ್ಕು ಬೈಟ್ ಓದು' ಎಂದು ಮಾಡಿಬಿಡುತ್ತದೆ. ಕಂಪೈಲ್ ಆದ ಫೈಲಿಗೆ ಹೆಸರು ಗೊತ್ತಿಲ್ಲ, ದೂರ ಗೊತ್ತು. ನಾನು ಅಡಿಕೆಯ ಖಾನೆ ದೊಡ್ಡದು ಮಾಡಿದೆ, ಸುಣ್ಣದ ಖಾನೆ ಆಚೆ ಸರಿಯಿತು, ಅಜ್ಜನ ಬೆರಳು ಹಳೇ ದೂರಕ್ಕೇ ಹೋಯಿತು.

ಹನ್ನೆರಡನೇ ಬೈಟಿನಲ್ಲಿ ಈಗ ಏನಿತ್ತು? ಎಂಟು ಬೈಟಿನ ಮೊತ್ತದ ಮೇಲಿನ ಅರ್ಧ. ನಮ್ಮ ಸಾಮಾನ್ಯ ಕಂಪ್ಯೂಟರುಗಳು ಸಂಖ್ಯೆಯ ಚಿಕ್ಕ ಸ್ಥಾನಗಳನ್ನು ಮೊದಲು, ದೊಡ್ಡ ಸ್ಥಾನಗಳನ್ನು ಆಮೇಲೆ ಇಡುತ್ತವೆ. ಸಾಧಾರಣ ಮೊತ್ತಕ್ಕೆ ಮೇಲಿನ ಅರ್ಧ ಪೂರ್ತಿ ಸೊನ್ನೆ. ಕಂಪ್ಯೂಟರಿನ ಗಡಿಯಾರದ ಲೆಕ್ಕದಲ್ಲಿ ಸೊನ್ನೆ ಎಂದರೆ 1970ರ ಜನವರಿ 1. ಮೊತ್ತ ಸರಿ ಬರಲೂ ಇದೇ ಕಾರಣ: ಕೆಳಗಿನ ಅರ್ಧ ಹಳೇ ಜಾಗದಲ್ಲೇ ಕೂತಿತ್ತು. ಎಲ್ಲವೂ ಕೆಟ್ಟಿದ್ದರೆ ಗುಮಾಸ್ತರು ಮೊದಲ ರಶೀದಿಗೇ ನಿಲ್ಲಿಸುತ್ತಿದ್ದರು. ಮುಕ್ಕಾಲು ಪಾಲು ಸರಿ ಇದ್ದದ್ದರಿಂದ ಹದಿನೇಳರವರೆಗೆ ಹೋಯಿತು.

ಎರಡು ಬಗೆಯ ಹೊಂದಾಣಿಕೆಯ ನಡುವಿನ ವ್ಯತ್ಯಾಸ ಇದೇ. ಮೂಲ ಕೋಡನ್ನು ಮತ್ತೆ ಕಂಪೈಲ್ ಮಾಡಿದರೆ ಕೆಲಸ ಮಾಡುತ್ತದೆ ಎಂದರೆ ಅದು ಮೂಲದ ಮಟ್ಟದ ಹೊಂದಾಣಿಕೆ. ಮತ್ತೆ ಕಂಪೈಲ್ ಮಾಡದೆಯೇ, ಹಳೇ ಫೈಲು ಹೊಸ ಲೈಬ್ರರಿಯ ಜೊತೆ ಹಾಗೇ ಓಡುತ್ತದೆ ಎಂದರೆ ಅದು ಬೈನರಿ ಮಟ್ಟದ್ದು. ಮೊದಲನೆಯದು ಉಳಿದು ಎರಡನೆಯದು ಮುರಿಯುವುದು ತೀರಾ ಸುಲಭ. ಖಾನೆಯ ಅಗಲ ಬದಲಿಸಿದರೆ ಮುರಿಯುತ್ತದೆ, ಕ್ರಮ ಬದಲಿಸಿದರೆ ಮುರಿಯುತ್ತದೆ. ರಾಶಿಗೆ 0, ಬೆಟ್ಟೆಗೆ 1, ಚಾಲಿಗೆ 2 ಎಂದು ಅಡಿಕೆಯ ನಮೂನೆಗಳಿಗೆ ಅಂಕೆ ಕೊಟ್ಟಿದ್ದು, ಯಾರೋ ಅಚ್ಚುಕಟ್ಟು ಮಾಡಲು ಹೋಗಿ ತಟ್ಟಿಬೆಟ್ಟೆಯನ್ನು ನಡುವೆ ಸೇರಿಸಿದರೂ ಸಾಕು. ಹಳೇ ಪ್ರೋಗ್ರಾಂ ತಂದ ಚಾಲಿಯೆಲ್ಲ ಬೇರೆ ಹೆಸರಿನಲ್ಲಿ ಜಮಾ ಆಗುತ್ತದೆ. ಹೊಸತನ್ನು ಯಾವತ್ತೂ ಕೊನೆಗೆ ಸೇರಿಸಬೇಕು ಎಂಬ ರೂಢಿ ಬಂದಿರುವುದು ಇದಕ್ಕೇ.

ಆಕಾರ ಬದಲಾಗದೆ ಬರೀ ನಡವಳಿಕೆ ಬದಲಾದರೂ ಹಳೇ ಪ್ರೋಗ್ರಾಂ ಕೆಡಬಹುದು. ಇದಕ್ಕೆ 2010ರ ಉದಾಹರಣೆ ಪ್ರಸಿದ್ಧ. ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಲಿನಕ್ಸ್. ಅದರ ಮೂಲ ಲೈಬ್ರರಿ ಜಿಲಿಬ್‌ಸಿಯಲ್ಲಿ ಮೆಮೊರಿಯ ಒಂದು ತುಂಡನ್ನು ಇನ್ನೊಂದು ಜಾಗಕ್ಕೆ ನಕಲು ಮಾಡುವ 'ಮೆಮ್‌ಕಾಪಿ' ಎಂಬ ಫಂಕ್ಷನ್ (ಹೆಸರು ಹಿಡಿದು ಕೇಳಿದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಂಡು) ಇದೆ. ಎರಡು ಜಾಗಗಳು ಒಂದರ ಮೇಲೊಂದು ಚಾಚಿಕೊಂಡಿದ್ದರೆ ಇದನ್ನು ಬಳಸಬಾರದು, ಅದಕ್ಕೆ ಬೇರೆ ಫಂಕ್ಷನ್ ಇದೆ ಎಂದು ಸಿ ಭಾಷೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಬ್ರೌಸರಿನಲ್ಲಿ ವಿಡಿಯೋ ತೋರಿಸುತ್ತಿದ್ದ ಅಡೋಬಿ ಫ್ಲ್ಯಾಶ್ ಆ ನಿಯಮ ಮುರಿದಿತ್ತು. ಆದರೂ ವರ್ಷಗಟ್ಟಲೆ ನಡೆಯಿತು, ಏಕೆಂದರೆ ಹಳೇ ಮೆಮ್‌ಕಾಪಿ ಆರಂಭದಿಂದ ಕೊನೆಯ ಕಡೆಗೆ ನಕಲು ಮಾಡುತ್ತಿತ್ತು. ವೇಗಕ್ಕಾಗಿ ಹೊಸದನ್ನು ಬರೆದಾಗ ಕೆಲವು ಪ್ರೊಸೆಸರುಗಳಲ್ಲಿ ಅದು ಕೊನೆಯಿಂದ ಆರಂಭದ ಕಡೆಗೆ ನಕಲು ಮಾಡತೊಡಗಿತು. ಲಿನಕ್ಸಿನ ಒಂದು ರೂಪವಾದ ಫೆಡೋರಾ 14 ಹಾಕಿಕೊಂಡವರ ಕಂಪ್ಯೂಟರಿನಲ್ಲಿ ವಿಡಿಯೋಗಳ ಧ್ವನಿ ಗೊರಗೊರ ಎಂದಿತು.

ತಪ್ಪು ಯಾರದು? ನಿಯಮದ ಪುಸ್ತಕ ಹಿಡಿದರೆ ಫ್ಲ್ಯಾಶಿನದು. ಆದರೆ ಹಾಡು ಕೇಳಲು ಕೂತವನಿಗೆ ನಿಯಮದ ಪುಸ್ತಕ ಏನು ಮಾಡೀತು? ನಿನ್ನೆ ನಡೆಯುತ್ತಿತ್ತು, ಅಪ್‌ಡೇಟ್ ಹಾಕಿದ ಮೇಲೆ ಇಂದು ನಡೆಯುತ್ತಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಬರೆದ ಲಿನಸ್ ಟೊರ್ವಾಲ್ಡ್ಸ್ ಬಳಕೆದಾರನ ಪರ ನಿಂತು ವಾದಿಸಿದರು. ಕೊನೆಗೆ 2011ರ ಜಿಲಿಬ್‌ಸಿ 2.14ರಲ್ಲಿ ಸಿಕ್ಕ ದಾರಿ ನನಗೆ ಬಹಳ ಹಿಡಿಸಿದ್ದು: ಒಂದೇ ಹೆಸರಿನ ಎರಡು ಮೆಮ್‌ಕಾಪಿಗಳನ್ನು ಲೈಬ್ರರಿಯ ಒಳಗೇ ಇಟ್ಟರು. ಹಳೇ ಕಾಲದಲ್ಲಿ ಕಂಪೈಲ್ ಆದ ಪ್ರೋಗ್ರಾಂ ಬಂದು ಕೇಳಿದರೆ ಸುರಕ್ಷಿತವಾದ ಹಳೇ ನಡವಳಿಕೆ, 2.14 ಬಂದ ಮೇಲೆ ಕಂಪೈಲ್ ಆದವು ಕೇಳಿದರೆ ಹೊಸದು. ಹೆಸರಿನ ಹಿಂದೆ ಆವೃತ್ತಿಯ ಮುದ್ರೆ ಒತ್ತಿರುವುದರಿಂದ ಯಾರಿಗೆ ಯಾವುದು ಎಂದು ಲೈಬ್ರರಿಗೆ ತಿಳಿಯುತ್ತದೆ.

ಇಂಥದ್ದನ್ನು ನಮ್ಮ ಸರ್ಕಾರ ಇದಕ್ಕೂ ಎಷ್ಟೋ ಮೊದಲು ನಾಣ್ಯದಲ್ಲಿ ಮಾಡಿತ್ತು. 1957ರ ಏಪ್ರಿಲ್ 1ರಂದು ರೂಪಾಯಿಗೆ 64 ಪೈಸೆ ಹೋಗಿ 100 ಪೈಸೆ ಬಂತು. ಹೊಸ ಪೈಸೆಯನ್ನೂ ಬರೀ 'ಪೈಸೆ' ಎಂದು ಕರೆದಿದ್ದರೆ ಅಂಗಡಿ ಅಂಗಡಿಯಲ್ಲೂ ಜಗಳ ಆಗುತ್ತಿತ್ತು. ಅದಕ್ಕೇ 'ನಯಾ ಪೈಸೆ' ಎಂದು ಅಚ್ಚು ಹಾಕಿದರು. ಜನಕ್ಕೆ ರೂಢಿಯಾದ ಮೇಲೆ, 1964ರ ಜೂನ್ 1ರಿಂದ 'ನಯಾ' ಬಿಟ್ಟರು. ಅಳತೆ ಬದಲಾದಾಗ ಹೆಸರೂ ಬದಲಾಯಿತು, ರೂಢಿಯಾಗಲು ಏಳು ವರ್ಷ ಕೊಟ್ಟರು.

ನಾನು ಆ ರಾತ್ರಿ ಮಾಡಿದ್ದು ಇದರ ತದ್ವಿರುದ್ಧ. ಅಳತೆ ಬದಲಿಸಿ ಹೆಸರು ಹಾಗೇ ಬಿಟ್ಟೆ. ಲೈಬ್ರರಿ ಫೈಲಿನ ಹೆಸರಿನ ಕೊನೆಯಲ್ಲಿರುವ 1 ಅನ್ನು 2 ಮಾಡಿದ್ದರೂ ಸಾಕಿತ್ತು. ಲಿನಕ್ಸಿನಲ್ಲಿ ಆ ಅಂಕೆ ಇರುವುದೇ ಇದಕ್ಕೆ. ರಶೀದಿ ಪ್ರೋಗ್ರಾಂ 1ನೇದನ್ನು ಹುಡುಕಿ, ಸಿಗದೆ, ಶುರುವಾಗಲು ಒಪ್ಪದೆ ನಿಲ್ಲುತ್ತಿತ್ತು. ಕೌಂಟರು ಅರ್ಧ ಗಂಟೆ ನಿಲ್ಲುತ್ತಿತ್ತು, ಬೈಗುಳ ಬರುತ್ತಿತ್ತು. ಆದರೆ ಸಾಲದ ಅರ್ಜಿಗೆ ಲಗತ್ತಿಸಬೇಕಾದ ರಶೀದಿಯ ಮೇಲೆ ಸುಳ್ಳು ತಾರೀಖು ಬರುತ್ತಿರಲಿಲ್ಲ. ಓಡದೆ ನಿಲ್ಲುವ ಪ್ರೋಗ್ರಾಂ, ಸದ್ದಿಲ್ಲದೆ ತಪ್ಪು ಬರೆಯುವ ಪ್ರೋಗ್ರಾಮಿಗಿಂತ ಎಷ್ಟೋ ಮೇಲು ಎಂಬುದರಲ್ಲಿ ನನಗೆ ಈಗ ಎರಡು ಮಾತಿಲ್ಲ.

ಹಾಗಾದರೆ ಎಲ್ಲ ತಿದ್ದುಪಡಿಗೂ ಇಷ್ಟು ಕಷ್ಟವೇ? ಇಲ್ಲ. ಬಹಳಷ್ಟು ಬಗ್‌ಗಳು ಖಾನೆಗಳ ಅಳತೆಗೆ ಕೈ ಹಾಕುವುದೇ ಇಲ್ಲ. 2014ರ ಏಪ್ರಿಲಿನಲ್ಲಿ ಹೊರಬಂದ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಅಂತರಜಾಲವನ್ನೇ ನಡುಗಿಸಿತು. ಓಪನ್‌ಎಸ್‌ಎಸ್‌ಎಲ್ ಲೈಬ್ರರಿ (ಅಂತರಜಾಲದ ಮಾತುಕತೆಯನ್ನು ಗುಟ್ಟಾಗಿಡುವಂಥದ್ದು) ಎದುರಿನವರು ಹೇಳಿದ ಉದ್ದವನ್ನು ಪರೀಕ್ಷಿಸದೆ ನಂಬಿ, ತನ್ನ ಮೆಮೊರಿಯ ಗುಟ್ಟುಗಳನ್ನು ಹೊರಗೆ ಕಳಿಸಿಬಿಡುತ್ತಿತ್ತು. ತಿದ್ದಿದ್ದು ಒಳಗೊಂದು ಪರೀಕ್ಷೆ ಸೇರಿಸಿ. ಹೊರಗಿನ ಆಕಾರ ಹಾಗೇ ಇತ್ತು. ದೋಷ ಮುಚ್ಚಲು ಲೈಬ್ರರಿ ಬದಲಿಸಿ ಪ್ರೋಗ್ರಾಂಗಳನ್ನು ಮರುಶುರು ಮಾಡಿದರೆ ಸಾಕಿತ್ತು. ಅದೇ ಲೈಬ್ರರಿಯವರು 2016ರ 1.1.0 ಆವೃತ್ತಿಯಲ್ಲಿ ತಮ್ಮ ಬಹುತೇಕ ದಾಖಲೆಗಳ ಒಳಖಾನೆಗಳನ್ನು ಹೊರಗಿನವರ ಕಣ್ಣಿಂದ ಮರೆಮಾಡಿದರು. ಏನು ಬೇಕಾದರೂ ಫಂಕ್ಷನ್ ಮೂಲಕವೇ ಕೇಳಿ ಪಡೆಯಬೇಕು. ಅಂದು ಬಹಳ ಪ್ರೋಗ್ರಾಂಗಳನ್ನು ತಿದ್ದಬೇಕಾಗಿ ಬಂತು. ಆದರೆ ಕವಳದ ಬಟ್ಟಲಿಗೆ ನೇರ ಕೈ ಹಾಕುವ ಬದಲು 'ಸುಣ್ಣ ಕೊಡಿ' ಎಂದು ಕೇಳುವ ಪದ್ಧತಿ ಬಂದರೆ, ಆಮೇಲೆ ಖಾನೆಗಳನ್ನು ಹೇಗೆ ಬೇಕಾದರೂ ಸರಿಸಬಹುದು.

ಒಳಗೆ ತಿದ್ದಿ ಮುಗಿಸಲಾಗದ ಬಗ್‌ಗಳೇ ನಿಜವಾದ ಸಂಕಟ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಮ್ಮ ಮುಂದೆಯೇ ಇದೆ. ಕಾಲವನ್ನು 1970ರಿಂದ ಸೆಕೆಂಡು ಲೆಕ್ಕದಲ್ಲಿ ನಾಲ್ಕು ಬೈಟಿನಲ್ಲಿ ಇಡುವ ಪದ್ಧತಿ, ನನ್ನ ಮೊತ್ತದ ಖಾನೆಗಿದ್ದ ಮಿತಿಗೇ 2038ರ ಜನವರಿ 19ರಂದು ಹೋಗಿ ಬಡಿಯುತ್ತದೆ. ಭಾರತದ ಸಮಯದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮರುಕ್ಷಣ ಗಡಿಯಾರ 1901ರ ಡಿಸೆಂಬರಿಗೆ ಹಾರುತ್ತದೆ. ಪರಿಹಾರ ಎಲ್ಲರಿಗೂ ಗೊತ್ತು, ಎಂಟು ಬೈಟ್ ಮಾಡುವುದು. ಆದರೆ ಕಾಲದ ಖಾನೆ ಸಾವಿರಾರು ಲೈಬ್ರರಿಗಳ ದಾಖಲೆಗಳ ಒಳಗೆ ಹುದುಗಿ ಕೂತಿದೆ. ಅಗಲಿಸಿದರೆ ಅದರ ನಂತರದ ಖಾನೆಗಳೆಲ್ಲ ಸರಿಯುತ್ತವೆ.

ಲಿನಕ್ಸಿನ ಇನ್ನೊಂದು ರೂಪವಾದ ಡೆಬಿಯನ್ನಿನ ಬಳಗದವರು ಇದನ್ನು ಹೇಗೆ ತೂಗಿದರು ನೋಡಿ. ನಮ್ಮ ಶಿರಸಿಯ ಮಾರಿಜಾತ್ರೆಯ ಹಾಗೆ ಅವರ ದೊಡ್ಡ ಬಿಡುಗಡೆಯೂ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ. ಸಣ್ಣ ಕಂಪ್ಯೂಟರುಗಳಲ್ಲಿ ಬಳಸುವ 32 ಬಿಟ್ ಆರ್ಮ್ ಪ್ರೊಸೆಸರಿಗೆ 2024ರಲ್ಲಿ ಕಾಲದ ಖಾನೆಯನ್ನು ಅಗಲಿಸಿದರು. ಬಾಧೆಗೊಳಗಾದ ಲೈಬ್ರರಿಗಳ ಪ್ಯಾಕೇಜುಗಳಿಗೆ ಹೊಸ ಹೆಸರು ಕೊಟ್ಟು, ಅವನ್ನು ಬಳಸುವ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿದರು. 2025ರ ಆಗಸ್ಟಿನ ಬಿಡುಗಡೆಯಲ್ಲಿ ಅದು ಹೊರಬಂತು. ಆದರೆ ಹಳೇ 32 ಬಿಟ್ ಇಂಟೆಲ್ ಮಾದರಿಯನ್ನು ಮುಟ್ಟಲಿಲ್ಲ, ಅಲ್ಲಿ ನಾಲ್ಕು ಬೈಟೇ ಉಳಿಯಿತು. ಒಂದೇ ಬಗ್, ಒಂದೇ ಬಳಗ, ಎರಡು ತೀರ್ಮಾನ. ಯಾಕೆಂದರೆ ಆರ್ಮ್ ಸಾಧನಗಳು 2038ರಲ್ಲೂ ಯಾವುದೋ ಯಂತ್ರದ ಹೊಟ್ಟೆಯಲ್ಲಿ ಓಡುತ್ತಿರಬಹುದು, ಅವುಗಳ ಪ್ರೋಗ್ರಾಂಗಳ ಮೂಲ ಕೋಡು ಕೈಯಲ್ಲಿದೆ. ಹಳೇ ಇಂಟೆಲ್ ಮಾದರಿಯನ್ನು ಇಂದು ಉಳಿಸಿಕೊಂಡಿರುವುದೇ ಮೂಲ ಕೋಡು ಕಳೆದುಹೋದ ಹಳೇ ಪ್ರೋಗ್ರಾಂಗಳನ್ನು ಓಡಿಸಲು. ಅಲ್ಲಿ ಬೈನರಿ ಹೊಂದಾಣಿಕೆ ಮುರಿದರೆ ಅದನ್ನು ಇಟ್ಟುಕೊಂಡು ಪ್ರಯೋಜನವೇ ಇಲ್ಲ.

ಹಾಗಾಗಿ ಬಗ್ ಎಷ್ಟು ಕೆಟ್ಟದ್ದು ಎನ್ನುವುದೊಂದನ್ನೇ ತಕ್ಕಡಿಗೆ ಹಾಕಿದರೆ ಸಾಲದು. ಹಳೇ ಆಕಾರಕ್ಕೆ ಆತುಕೊಂಡವರು ಯಾರು, ಅವರಲ್ಲಿ ಮತ್ತೆ ಕಂಪೈಲ್ ಮಾಡಿಕೊಳ್ಳಬಲ್ಲವರು ಎಷ್ಟು, ಮಾಡಲಾಗದವರ ಪಾಡೇನು, ಇದನ್ನು ಮೊದಲು ಕೇಳಬೇಕು. ಮಾಡಲಾಗದವರು ಇದ್ದರೆ ಭಾರ ಹೊರಬೇಕಾದವನು ತಿದ್ದುವವನೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವನಿಗೆ ಕೋಡು ಗೊತ್ತು, ಸಮಯ ಆರಿಸಿಕೊಳ್ಳುವ ಅವಕಾಶವಿದೆ. ಕೌಂಟರಿನಲ್ಲಿ ಕೂತವರಿಗೆ ಎರಡೂ ಇಲ್ಲ.

ಕೆಲವು ತಪ್ಪುಗಳನ್ನು ಹಾಗೇ ಬಿಡುವುದೇ ಸರಿ. ಇದಕ್ಕೆ ನಮ್ಮ ಲಿಪಿಯಲ್ಲೇ ಸಾಕ್ಷಿ ಇದೆ. ಹಳಗನ್ನಡದಲ್ಲಿ ಮಳೆ 'ಮೞೆ', ಬಾಳೆ 'ಬಾೞೆ' ಆಗಿತ್ತು. ಈ ೞ ಅಕ್ಷರಕ್ಕೆ ಯೂನಿಕೋಡಿನಲ್ಲಿ (ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಜಾಗತಿಕ ಪಟ್ಟಿ) 3294ನೇ ಸಂಖ್ಯೆಯ ಜಾಗ ಸಿಕ್ಕಿದೆ. ಆದರೆ ಅಲ್ಲಿ ಅದರ ಅಧಿಕೃತ ಹೆಸರು 'ಕನ್ನಡ ಲೆಟರ್ ಫಾ' ಎಂದಿದೆ. ಶುದ್ಧ ತಪ್ಪು. ಆದರೂ ಬದಲಾಗದು, ಏಕೆಂದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲ ಎಂದು ಯೂನಿಕೋಡ್ ಮಾತು ಕೊಟ್ಟಿದೆ. ಆ ಹೆಸರನ್ನೇ ಗುರುತಾಗಿ ಹಿಡಿದು ಹುಡುಕುವ ಪ್ರೋಗ್ರಾಂಗಳಿವೆ. ಪಕ್ಕದಲ್ಲಿ ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯವಾಗಿ ದಾಖಲಿಸಿದ್ದಾರೆ. ಕನ್ನಡಿಗನಾಗಿ ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಅದು ಒಪ್ಪತಕ್ಕ ತೀರ್ಮಾನ ಎನಿಸುತ್ತದೆ: ಹೆಸರು ತಪ್ಪಾದರೂ ೞ ಪರದೆಯ ಮೇಲೆ ೞ ಆಗಿಯೇ ಮೂಡುತ್ತದೆ, ಬರೆಯುವವನಿಗಾಗಲಿ ಓದುವವನಿಗಾಗಲಿ ನಷ್ಟವಿಲ್ಲ.

ನನ್ನ ಮೈನಸ್ ಎರಡು ಕೋಟಿಯನ್ನು ಮಾತ್ರ ಹಾಗೆ ಬಿಡಲು ಬರುತ್ತಿರಲಿಲ್ಲ. ಅಂದು ಮೊದಲು ಹಳೇ ಲೈಬ್ರರಿ ವಾಪಸು ಹಾಕಿ, ಹದಿನೇಳು ಜನರಿಗೂ ಬೇರೆ ರಶೀದಿ ಕೊಡಿಸಿದೆವು. ರಾತ್ರಿ ಮನೆಯಲ್ಲಿ ಎರಡನೇ ದಾರಿ ಪರೀಕ್ಷಿಸಿದೆ: ಹಳೇ ನಾಲ್ಕು ಖಾನೆ ಹಾಗೇ ಇಟ್ಟು, ಎಂಟು ಬೈಟಿನ ಹೊಸ ಮೊತ್ತವನ್ನು ಕೊನೆಗೆ ಸೇರಿಸುವುದು. ಒಂಟಿ ರಶೀದಿ ಸರಿಯಾಗಿ ಬಂತು. ಸಂಜೆಯ ಪಟ್ಟಿ ತೆಗೆಯಲು ಹೋದಾಗ ಪ್ರೋಗ್ರಾಂ ಕುಸಿಯಿತು. ಪಟ್ಟಿಗೆ ಬೇಕಾದ ಜಾಗವನ್ನು ರಶೀದಿ ಪ್ರೋಗ್ರಾಂ ತಾನೇ ಹಾಸಿ ಕೊಡುತ್ತಿತ್ತು, ಸಾಲಿಗೆ 16 ಬೈಟಿನ ಲೆಕ್ಕದಲ್ಲಿ. 200 ಸಾಲಿಗೆ 3,200 ಬೈಟ್ ಹಾಸಿದರೆ ನನ್ನ ಲೈಬ್ರರಿ 24ರ ಲೆಕ್ಕದಲ್ಲಿ 4,800 ಬೈಟ್ ತುಂಬಿತು. 1,600 ಬೈಟ್ ಪಕ್ಕದವರ ಅಂಗಳಕ್ಕೆ ಚೆಲ್ಲಿತು. ಕೊನೆಗೆ ಸೇರಿಸಿದರೆ ಕ್ಷೇಮ ಎಂಬ ರೂಢಿಯ ಮಾತು, ಜಾಗ ಕೊಡುವವರು ಬೇರೆಯವರಾದರೆ ನಡೆಯುವುದಿಲ್ಲ. ವಿಂಡೋಸಿನ ಎಷ್ಟೋ ದಾಖಲೆಗಳಲ್ಲಿ ಮೊದಲ ಖಾನೆಯೇ 'ನನ್ನ ಅಳತೆ ಇಷ್ಟು' ಎಂದು ಹೇಳುವುದು ಯಾಕೆ ಎಂದು ಅಂದು ಮನದಟ್ಟಾಯಿತು.

ಉಳಿದದ್ದು ಮೂರನೇ ದಾರಿ. ಹಳೇ ದಾಖಲೆ, ಹಳೇ ಫಂಕ್ಷನ್ ಎರಡನ್ನೂ ಮುಟ್ಟದೆ ಬಿಟ್ಟೆ. ಎಂಟು ಬೈಟಿನ ಮೊತ್ತವಿರುವ ಹೊಸ ದಾಖಲೆಗೆ ಹೊಸ ಹೆಸರಿನ ಫಂಕ್ಷನ್ ಬರೆದೆ. ನನ್ನ ಎರಡು ಪ್ರೋಗ್ರಾಂಗಳು ಅದನ್ನೇ ಕೇಳುತ್ತವೆ. ಹಳೇ ಫಂಕ್ಷನ್ನಿಗೆ ಹಿಡಿಯದಷ್ಟು ದೊಡ್ಡ ಮೊತ್ತ ಬಂದಾಗ ಏನು ಮಾಡುವುದು ಎಂದು ಎರಡು ದಿನ ಯೋಚಿಸಿದೆ. 'ದಾಖಲೆ ಇಲ್ಲ' ಎಂಬ ಉತ್ತರ ರಶೀದಿ ಪ್ರೋಗ್ರಾಮಿಗೆ ಮೊದಲೇ ಗೊತ್ತಿತ್ತು. ಅದು ಬಂದರೆ ಆ ಸಾಲನ್ನು ಖಾಲಿ ಬಿಡುತ್ತಿತ್ತು. ಮೈನಸ್ ಸಂಖ್ಯೆಯ ಬದಲು ಅದೇ ಉತ್ತರ ಕೊಡಿಸಿದೆ. ದಿನದ ನಿಜವಾದ ಒಟ್ಟು ಮೊತ್ತವನ್ನು ಮುದ್ರಿಸಲು ಪುಟ್ಟದೊಂದು ಪ್ರೋಗ್ರಾಂ ಬೇರೆ ಬರೆದುಕೊಟ್ಟೆ.

ಈಗ ಭರ್ಜರಿ ವ್ಯಾಪಾರವಾದ ದಿನ ಸಂಜೆ ಪಟ್ಟಿಯ ಕೊನೆಯ ಸಾಲು ಖಾಲಿ ಬರುತ್ತದೆ. ಗುಮಾಸ್ತರು ಹೊಸ ಪ್ರೋಗ್ರಾಮಿನ ಚೀಟಿಯನ್ನು ಅದರ ಕೆಳಗೆ ಪಿನ್ನು ಚುಚ್ಚಿ ಇಡುತ್ತಾರೆ. ಹಳೇ ಫಂಕ್ಷನ್ನನ್ನು ಯಾರು ಕೇಳಿದರು ಎಂದು ಲೈಬ್ರರಿ ಒಂದು ಫೈಲಿನಲ್ಲಿ ಬರೆದಿಡುತ್ತದೆ, ನಾನು ತಿಂಗಳಿಗೊಮ್ಮೆ ತೆರೆದು ನೋಡುತ್ತೇನೆ. ಈವರೆಗೆ ಅದರಲ್ಲಿ ಇರುವುದು ಒಂದೇ ಹೆಸರು, ಕೌಂಟರಿನ ಆ ಹಳೇ ಕಂಪ್ಯೂಟರಿನದು. ಅದು ಓಡುತ್ತಿರುವಷ್ಟು ದಿನ ಆ ಫಂಕ್ಷನ್ ಅಲ್ಲೇ ಇರುತ್ತದೆ.